ಶಾಣ್ಯಾ ಆಗ್ಯಾನ

"ಹುಡುಗ ಈಗ ಶಾಣ್ಯಾ ಆಗ್ಯಾನ ಬಿಡ"
ಅಂತಾಳ ಬಾಜೂ ಮನಿ ಎಸ್ಪೆರಾನ್ಸಾಬಾಯಿ.
ಗ್ವಾಡಿಗೆ ಕಿವಿ ಹಚ್ಚಿ ಕುಂದ್ರಾಕಿಗೆ
ಮೂರು ತಿಂಗಳಿಂದ ಏನೂ ಕೇಳಿಲ್ಲ.

ಹೌದ. ತಲಿ ಬಡಕೊಳ್ಳಂಗಿಲ್ಲ.
ನನ್ನ ಮುಂಗೈ ಕಡಿಯಂಗಿಲ್ಲ.
ಹಳೇ ಹಲ್ಲಿನ ಗುರುತು ಮಾಯ್ದು
ಬಳಿ ಕೆಳಗ ಬೆಳ್ಳಗ ಕುಂತಾವ.

ಬೇತಿ ಧಕ್ಕೆಯಿಂದ ಪಣಜಿಗೆ
ಫೆರಿ ಬೋಟಿನಾಗ ನಡಕೊಂಡು ಹತ್ತಿದವರಿಗೆ ಪುಕ್ಕಟ.
ಒಂದೊಂದಿನ ಹದಿಮೂರು ಸರ್ತಿ ಹೋಗಿ ಬರತಿದ್ದ ಮಾಳು.
ಕಬ್ಬಿಣದ ಬಾಗಿಲ ಧಡಲ್ ಅಂತ ಬೀಳೂ ಹೊತ್ತಿಗೆ
ಕಿವಿ ಮುಚ್ಚಿಕೊಂಡ ನಗತಿದ್ದ.
ಹದಿನಾಲ್ಕನೇದು ಬ್ಯಾಡೋ ಅಂದರ
ನೆಲಕ್ಕ ಬಿದ್ದು ಚೀರತಿದ್ದ,
ಹಗ್ಗ ಎಸಿಯಾಂವ ಕೊಂಕಣ್ಯಾಗ ಬೈತಿದ್ದ,
ನಾ ಕನ್ನಡದಾಗ ತಪ್ಪಾತಪಾ ಅಂತಿದ್ದೆ,
ಹೊಳಿ ಇಬ್ಬರದೂ ಕೇಳತಿರಲಿಲ್ಲ.

ಹದಿನೆಂಟು ತುಂಬಿತು. ಸಾಲಿಯವರು
ಇನ್ನ ಸಾಕರಿ, ಮನ್ಯಾಗ ಇಟಗೋರಿ ಅಂದರು.
ಅವನ ಚೀಲ ತೂಗೂ ಮೊಳಿಗೆ
ಬ್ಯಾರೆ ಹುಡುಗನ ಹೆಸರು ಅಂಟಿಸಿದ್ದರು.
ಓದಾಕ ಬರಂಗಿಲ್ಲ ಇವಗ ಅಂತಿದ್ದರಲ್ಲ,
ಅದನ್ನ ಓದಿದ.

ಅವತ್ತಿಂದ ಗ್ವಾಡಿ ಕಡೆ ಮಾರಿ.
ರೊಟ್ಟಿ ಮುರದು ಕೊಟ್ಟರ ಹಿಡಕೊಂಡ ಇರತಾನ.
ಚಾದಾಗ ಕೆನಿ ಕಟ್ಟಿದರೂ ಸುಮ್ಮನ ಕುಡೀತಾನ.
ಒಂದು ಎಳಿ ಕೆನಿ ಸಂಬಂಧ
ಮನೀನ ತಲಿ ಕೆಳಗ ಮಾಡತಿದ್ದ ಹುಡುಗ!

ಬಾರ್ಜಿನ ಕೆಲಸ ಮುಗಿಸಿ ಬಂದ ಅವರಪ್ಪ
ಬಾಗಿಲದಾಗ ಚಪ್ಪಲಿ ಕೈಯಾಗ ಹಿಡಕೊಂಡು
"ಮಲಗ್ಯಾನೇನ?" ಅಂತಾನ.
ಇಲ್ಲ. ಎಚ್ಚರ ಅದಾನ.
ಅದ ನನ್ನ ಅಂಜಿಕಿ.

ಬಾಂಬೋಳಿ ದವಾಖಾನ್ಯಾಗ ಡಾಕ್ಟರ ಬಾಯಿ
ಆರು ಮಾರಿ ಬರದ ಚೀಟಿ ಹರವಿದಳು,
ನಗೂದು, ಅಳೂದು, ಸಿಟ್ಟಿಂದು, ಮತ್ತೇನೇನೋ.
"ಇದರಾಗ ನೀ ಯಾವುದು?"
ಬಾಳ ಹೊತ್ತು ನೋಡಿದ.
ಒಂದು ಚೀಟಿ ಬೋರಲ ಹಾಕಿ
ಅದರ ಬಿಳೇ ಬೆನ್ನ ಮ್ಯಾಲ ಬೆರಳಿಟ್ಟ.
ಆಕಿ ಪೆನ್ನು ಅಲ್ಲೇ ನಿಂತಿತು.

ಗುಳಿಗಿ ಸುರು ಆಗಿ ಇಪ್ಪತ್ತೆರಡು ದಿನ.
ದಿನಾ ಸಂಜಿಗೆ ಧಕ್ಕೆಗೆ ಕರಕೊಂಡು ಹೋಗತೀನಿ,
ಹತ್ತಂಗಿಲ್ಲ, ಸುಮ್ಮನ ಇಬ್ಬರೂ ಕುಂದರತೀವಿ.
ಬೋಟು ಬರತೈತಿ. ಹೋಗತೈತಿ.

ಇವತ್ತ ಮುಂಜಾನೆ ಕೆನಿ ತಗಿಯೂದ ಮರತೆ.
ಕಪ್ಪು ಗ್ವಾಡಿಗೆ ಹೋತು.
ಚಾ ಇಳೀತು ಕ್ಯಾಲೆಂಡರಿನ ಮ್ಯಾಲ,
ಸೋಮವಾರದಿಂದ ಶನಿವಾರದ ಮಟಾ.
ಎಸ್ಪೆರಾನ್ಸಾಬಾಯಿ ಅತ್ಲಾಗಿಂದ
ದಬ ದಬ ಗ್ವಾಡಿ ಬಡದಳು.

ಚೂರು ಆರಿಸೂದ ಬಿಟ್ಟು
ನಾನೂ ಇತ್ಲಾಗಿಂದ ಬಡದೆ,
ಎರಡ ಸರ್ತಿ.