ಮೊದಲ ತುತ್ತು

ಸಿಂಧನೂರಿನ ಸರ್ಕಾರಿ ಆಸ್ಪತ್ರೆಯ ಆರನೇ ನಂಬರ್ ಖೋಲಿಯಲ್ಲಿ
ಬೆರಳು ಹಿಡಿಯುವುದು ನನ್ನ ಕೆಲಸ.
ಹತ್ತಿ, ಸ್ಪಿರಿಟ್, ಸೂಜಿ, ಒಂದು ಹನಿ.
ಯಂತ್ರ ಐದು ಸೆಕೆಂಡಿಗೆ ಅಂಕಿ ಹೇಳುತ್ತದೆ,
ಮುಖ ನೋಡದೆ ಬರೆದುಕೊಳ್ಳುತ್ತೇನೆ.

ನೋಡಿದರೆ ಕೇಳುತ್ತಾರೆ:
‘ಹಾಗಲಕಾಯಿ ರಸ ಕುಡದ್ರ ಶುಗರ್ ಹೋಗ್ತೈತಂತಲ್ರಿ ಮೇಡಂ?’

ಅಕ್ಕಿ ಮಿಲ್ಲಿನ ಹಮಾಲ ಯಂಕೋಬ
ಕ್ವಾರ್ಟರ್ ಬಾಟಲಿಯಲ್ಲಿ ತಂದೇ ಬಿಟ್ಟಿದ್ದ.
ಕಡುಹಸಿರು, ಮೇಲೆ ಬೆರಳಗಲ ನೊರೆ.
ಅವನಜ್ಜಿ ಹುಳಕ್ಕೆ ಕುಡಿಸುತ್ತಿದ್ದಳಂತೆ, ಮೂಗು ಹಿಡಿದು,
ಗಾಯಕ್ಕೆ ಎಲೆ ಅರೆದು ಕಟ್ಟುತ್ತಿದ್ದಳಂತೆ.
‘ಆಕಿ ತೊಂಬತ್ತು ಬಾಳಿದ್ಲು’ ಅಂದ,
ಅದಕ್ಕಿಂತ ದೊಡ್ಡ ಪುರಾವೆ ಬೇಕೇನು ಎನ್ನುವ ಹಾಗೆ.

ನಾನೂ ಓದಿದ್ದೇನೆ,
ರಾತ್ರಿ ಪಾಳಿಯಲ್ಲಿ, ರಕ್ತದ ಫ್ರಿಜ್ಜು ಗೊರಗುಡುವಾಗ.
ಇಲಿಗಳಿಗೆ ಇಳಿದಿದೆ.
ಇಲಿಗಳಿಗೆ ಏನು ಕೊಟ್ಟರೂ ಇಳಿಯುತ್ತದೇನೋ ಅನ್ನಿಸುವಷ್ಟು ಇಳಿದಿದೆ.
ಮನುಷ್ಯರ ಹತ್ತಿರ ಬಂದಾಗ ಮಾತು ತೊದಲುತ್ತದೆ:
ಇಲ್ಲಿ ಒಂದು ಹಿಡಿ ಜನ, ನಾಲ್ಕು ವಾರ, ತುಸು ಇಳಿಯಿತು;
ಅಲ್ಲಿ ಅಷ್ಟೇ ಜನ, ಮೂರು ತಿಂಗಳು, ಇಳಿಯಲಿಲ್ಲ.
ಎಲ್ಲಕ್ಕೂ ಕೊನೆಯ ಸಾಲು ಒಂದೇ, ಮಂಗಳಾರತಿಯಂತೆ:
ಹೆಚ್ಚಿನ ಅಧ್ಯಯನ ಅಗತ್ಯ.

‘ಅಂದ್ರ ಕುಡೀಲ್ಯೋ ಬ್ಯಾಡೋ?’
ಗುಳಿಗಿ ಬಿಡಬ್ಯಾಡ, ಅಂದೆ.
ಖಾತ್ರಿಯಾಗಿ ಗೊತ್ತಿದ್ದದ್ದು ಅದೊಂದೇ.

ಬಿಡಲಿಲ್ಲ ಅವನು.
ಗುಳಿಗೆ ನುಂಗಿದ, ರಸವನ್ನೂ ಏರಿಸಿದ,
ಕ್ವಾರ್ಟರ್ ಹೋಗಿ ಹಾಫ್ ಆಯಿತು.
ಮೇಲೆ ಶನಿವಾರದ ಒಪ್ಪತ್ತು.
ಎಪ್ಪತ್ತೈದು ಕಿಲೋ ಚೀಲ ಬೆನ್ನ ಮೇಲಿರುವಾಗಲೇ
ಕಣ್ಣು ಕತ್ತಲಿಟ್ಟು ಕುಂತನಂತೆ, ಲಾರಿಯ ಗಾಲಿಗೆ ಒರಗಿ.

ಹೊತ್ತು ತಂದಾಗ ನಲವತ್ತಾರು.
ಆ ದಿನ ಮುಖ ನೋಡಿದೆ.
ಬೆವರು ತಣ್ಣಗಿತ್ತು. ತುಟಿ ಏನೋ ಲೆಕ್ಕ ಹಾಕುತ್ತಿತ್ತು.

ಗ್ಲೂಕೋಸ್ ಇಳಿದು ಕಣ್ಣು ತೆರೆದವನೇ
ಪೈಲ್ವಾನನ ಹಾಗೆ ನಕ್ಕ: ‘ಕಾಯಿ ಕೆಲಸ ಮಾಡೇತಿ ನೋಡ್ರಿ!’

ಕಾಯಿಯೋ, ಗುಳಿಗೆಯೋ, ಒಪ್ಪತ್ತೋ, ಚೀಲವೋ?
ನಾಲ್ಕು ಜನ ಸಾಕ್ಷಿ, ನಾಲ್ವರೂ ಒಟ್ಟಿಗೆ ಮಾತಾಡುತ್ತಾರೆ.

ಸಂತೆಯಲ್ಲಿ ಅವನಿಗೆ ಕಾಯಿ ಮಾರುವವಳು
ಮೂರನೇ ಕ್ಯಾಂಪಿನ ಕನಕಲತಾ ಬಾರೋಯಿ.
ಆರು ವರ್ಷದವಳಿದ್ದಾಗ ರೈಲು ಹತ್ತಿಸಿದರಂತೆ.
ಬಂಗಾಳದ ನಾಲಿಗೆ, ನಮ್ಮ ಕಾಲುವೆ ನೀರಿನ ಕನ್ನಡ.
ಜಗಳಕ್ಕೇ ಹೋಗಿದ್ದೆ.
‘ನಾನು ಔಷಧಿ ಅಂತ ಮಾರಲ್ಲಮ್ಮ’ ಅಂದಳು ತೂಕ ಬಿಡದೆ,
‘ನಮ್ಮಲ್ಲಿ ಊಟಕ್ಕೆ ಮೊದಲು ಕಹಿ. ಒಂದೆರಡು ತುಂಡು, ಅಷ್ಟೇ.
ಆಮೇಲೆ ಬ್ಯಾಳಿ, ಮೀನು. ಕೊನೆಗೆ ಸಿಹಿ.
ಕುಡಿಯೋದ್ಯಾಕ? ಬಾಯಿಲ್ಲೇನು ಅಗಿಯಾಕ?’

ಹಾಗಾದರೆ ನಿಮಗೆ ಸಕ್ಕರೆ ಕಾಯಿಲೆ ಇಲ್ಲವೇ?

‘ಐತಲ್ಲ.’
ಸೊಂಟದ ಚೀಲ ಬಿಚ್ಚಿದಳು,
ಚಿಲ್ಲರೆ ನಡುವೆ ಅರ್ಧ ಖಾಲಿಯಾದ ಗುಳಿಗೆ ಹಾಳೆ,
ನಮ್ಮ ಆಸ್ಪತ್ರೆಯದೇ.
‘ಎಂಟು ವರ್ಷಾತು. ದಿನಾ ಎರಡು. ಕಾಯಿ ಬ್ಯಾರೆ, ಇದು ಬ್ಯಾರೆ.’
ಅರ್ಧ ಕಿಲೋ ಕಟ್ಟಿದಳು, ಮೇಲೊಂದು ಕೊಸರು.

ಮರುದಿನ ಡಬ್ಬಿಯಲ್ಲಿ ಅದನ್ನೇ ಮೊದಲು ತಿಂದೆ.
ಕಿವಿಯ ಹಿಂದಿನವರೆಗೂ ಕಹಿ.
ಆಮೇಲೆ ಬರೀ ಅನ್ನವೂ ಸಿಹಿಯಿತ್ತು,
ಇಷ್ಟು ವರ್ಷ ಈ ಊರಿನ ಅಕ್ಕಿ ತಿಂದೂ ಗೊತ್ತಿರಲಿಲ್ಲ.
ಒಂದು ಹಿಡಿ ಉಳಿಯಿತು.
ಕಹಿಗೋ, ಸೆಕೆಗೋ, ಹಸಿವೇ ಇರಲಿಲ್ಲವೋ.

ಬಾಗಿಲಲ್ಲಿ ಯಂಕೋಬ. ಬಾಟಲಿ ಇರಲಿಲ್ಲ.
ಬೆರಳು ಚಾಚಿದ.
ಹಮಾಲರ ತೊಗಲು ದಪ್ಪ,
ಎರಡು ಸಲ ಚುಚ್ಚಿದೆ.