ಲಾಟ್ ನಂಬರ್ ನಲವತ್ತೇಳು

ಬ್ಯಾಡಗಿ ಪ್ಯಾಟ್ಯಾಗ ಕಂಪ್ಯೂಟರ್ ಬಿಚ್ಚೂದಂದ್ರ
ಮೊದಲ ಮೂಗಿಗೆ ವಸ್ತ್ರ ಕಟ್ಕೋಬೇಕು.
ಫ್ಯಾನಿನ ರೆಕ್ಕಿಗೆ, ಬೋರ್ಡಿನ ಸಂದಿಗೆ
ಹದಿನೆಂಟು ಸುಗ್ಗಿಯ ಕೆಂಪು ಧೂಳು.
ಒಂದ ಸಲ ಊದಿದೆ.
ಮೂಲಿಮನಿ ಸಾಹುಕಾರರು ಸೀನಿದರು,
ಹಮಾಲ ಸೀನಿದ, ಗಲ್ಲಾದ ಮ್ಯಾಲಿನ ಬೆಕ್ಕು ಸೀನಿತು,
ಯಂತ್ರ ಮಾತ್ರ ಗಪ್ಪನ ಕುಂತಿತ್ತು.

"ನೆಟ್ಟು ಇಲ್ಲೋ ನದಾಫಾ.
ಎರಡಕ್ಕ ಟೆಂಡರ್ ಮುಚ್ಚತೈತಿ, ಇನ್ನೂ ದರ ಹಾಕಿಲ್ಲ.
ಲಾಟ್ ನಲವತ್ತೇಳು ನೋಡಿ ಬಂದೀನಿ,
ಕಡ್ಡಿ ಕಾಯಿ, ಮಡಚಿದ್ರ ಮುರಿಯೂದಿಲ್ಲ."

ವೈರ್ ಕಿತ್ತು ಹಚ್ಚಿದೆ. ಹಸರು ಲೈಟು ಮಿಣಿಮಿಣಿ.
ಮೋಡೆಮ್ಮನ್ನ ಮಲಗಿಸಿ ಎಬ್ಬಿಸಿದೆ.
ಪಿಂಗ್ ಮಾಡಿದೆ.
ನಾಕು ಸಲ ಕರದ್ರ ನಾಕು ಸಲ ಓ ಅಂತೈತಿ,
ಬಾಗಲಾ ತಗಿ ಅಂದ್ರ ತಗ್ಯೂದಿಲ್ಲ.
ಹೊಸಾ ಕಾರ್ಡು ಹಾಕಿದೆ. ಐಪಿ ಅಳಿಸಿ ಬರದೆ.
ಡ್ರೈವರ್ ಇಳಿಸಿ ಏರಿಸಿದೆ
(ಲಾರಿ ಡ್ರೈವರ್ ಆಗಿದ್ರ ಒಂದು ಚಾಕ್ಕ ಹತ್ತಿರ್ತಿದ್ದ).
ಅದ ನೆಟ್ಟಿನ್ಯಾಗ ನನ್ನ ಮೊಬೈಲು
ಅದ ಪುಟಾ ತೆರದು ತೋರಸ್ತಿತ್ತು.
ಒಂದೂವರಿ ಆತು.

ಬಾಗಲದಾಗ ಫಕ್ಕೀರವ್ವ ನಿಂತಿದ್ಲು,
ತೊಟ್ಟು ಮುರದು ಉರಿಯೋ ಬೆರಳು
ಮಜ್ಜಿಗಿ ವಾಟಗದಾಗ ಅದ್ದಿಕೊಂಡು,
ಇನ್ನೊಂದ ಕೈಯಾಗ ಪಗಾರದ ಚೀಟಿ.
"ಸಾಹುಕಾರ್ರ, ಇದರಾಗ ಎರಡು ಸಾವಿರದ ಮೂರು,
ಒಂದನೇ ತಿಂಗಳು ಒಂದನೇ ತಾರೀಖು ಅಂತೈತಿ.
ಆಗ ನಾ ಇನ್ನೂ ಲಂಗದ ಹುಡುಗಿ.
ಯಾರ ಬಿಡಿಸಿದ ಕಾಯಿಗೆ ನನಗ ಪಗಾರ?"

ಪರದೆಯ ಮೂಲಿ ನೋಡಿದೆ.
ಹೌದು.
ಬೋರ್ಡಿನ ಮ್ಯಾಲೆ ಎಂಟಾಣಿಯಷ್ಟ ಸೆಲ್ಲು,
ಯಾವಾಗ ಸತ್ತಿತ್ತೋ.
ಕರೆಂಟ್ ಹೋದಾಗೊಮ್ಮೆ ಈ ಮುದುಕ
ಅದ ಒಂದು ನಡುರಾತ್ರಿಗೆ ಹೋಗಿ ಕುಂಡ್ರತಿದ್ದ.
ಆ ಕಡೆಯವರು ತಮ್ಮ ರಹದಾರಿ ತೋರಿಸಿದ್ರ
ಇದಕ್ಕ ಸಹಿ ಬೀಳೋ ದಿನಾನ ಇನ್ನೂ ಬಂದಿಲ್ಲ,
ಸುಳ್ಳು ಕಾಗದ, ನಡೀರಿ ಅಂತ
ತಾನ ಒಳಗಿಂದ ಅಗಳಿ ಹಾಕತಿದ್ದ.
ನಾ ಓಣಿ ತುಂಬ ವೈರು ಹುಡುಕಿದ್ದೆ.

ಹಮಾಲ ಓಡಿಹೋಗಿ ಗಡಿಯಾರದಂಗಡಿಯಿಂದ ಸೆಲ್ಲು ತಂದ.
"ಇವತ್ತ ತಾರೀಖು ಎಷ್ಟಬೇ?" ಅಂದೆ.
ಗ್ವಾಡಿ ಕ್ಯಾಲೆಂಡರ್ ನೋಡದ ಹೇಳಿದ್ಲು,
"ಹನ್ನೊಂದು. ಸಂಘದ ಕಂತಿನ ದಿನ."
ಹನ್ನೊಂದು ಒತ್ತಿದೆ.
ಪುಟಾ ತೆರಕೊಂತು, ಏನೂ ಆಗೇ ಇಲ್ಲದವರಂಗ.

ಎರಡು ಗಂಟೆ ನಾಕು ನಿಮಿಷ.
ನಲವತ್ತೇಳು ಮತ್ತೊಬ್ಬರ ಹೆಸರಿಗೆ ಹೋಗಿತ್ತು.
ಸಾಹುಕಾರರು ಬೈತಾರ ಅಂದ್ಕೊಂಡೆ,
ಮತ್ತೊಮ್ಮೆ ಸೀನಿ ಕಣ್ಣ ಒರಸ್ಕೊಂಡರು.

ಹೊಸಾ ಚೀಟಿ ಇಸಕೊಂಡ ಫಕ್ಕೀರವ್ವ
ಹಳೇದನ್ನ ವಾಪಸ್ ಕೊಡಲಿಲ್ಲ,
ಎಲಿ-ಅಡಕಿ ಚೀಲದಾಗ ಮಡಚಿ ಇಟಗೊಂಡ್ಲು.
"ಅದ್ಯಾಕಬೇ?"
"ಇರ್ಲಿ. ಆ ವರ್ಷಾನೂ ದುಡದೀನಿ,
ಮಂದಿ ಹೊಲದಾಗ, ಬರೇ ಊಟಕ್ಕ.
ಚೀಟಿ ಯಾರೂ ಕೊಟ್ಟಿದ್ದಿಲ್ಲ."

ನಾ ನನ್ನ ಬಿಲ್ಲು ಬರಿಯಾಕ ಕುಂತೆ.
ಸೆಲ್ಲು ಮೂವತ್ತು, ಕೂಲಿ ನೂರೈವತ್ತು.
ತಾರೀಖು ಹಾಕೂ ಮುಂದ
ಪೆನ್ನು ಒಂದ ಗಳಿಗಿ ನಿಂತಿತು.