ಸುಣ್ಣದ ಗೆರೆ

ನಾಲಿಗೆಗೆ ಎಲುಬಿಲ್ಲ ಅಂತಾರೆ.
ನನ್ನದಕ್ಕೆ ವಾರದಲ್ಲಿ ಆರು ದಿನ ಇರುತ್ತಿತ್ತು.
ವಾಸ್ಕೋ ಬಂದರಿನಲ್ಲಿ, ಕಲ್ಲಿದ್ದಲ ಬೆಲ್ಟಿನ ಪಕ್ಕ,
ಮುಕಾದಮ ಏನಂದರೂ ತುಟಿ ಹೊಲಿದುಕೊಂಡವನು
ರವಿವಾರ ವೆಲ್ಸಾಂವ್ ಮೈದಾನಕ್ಕೆ ಬಂದು
ಸುಣ್ಣದ ಗೆರೆಗೆ ಕಾಲ್ಬೆರಳು ತಾಗಿಸಿ ನಿಂತು
ವಾರದ ಬಾಕಿಯನ್ನೆಲ್ಲ ಒಂದೇ ತಾಸಿನಲ್ಲಿ ಒದರುತ್ತಿದ್ದೆ.

"ಬಿಡಬ್ಯಾಡಲೇ ಸಂಗ್ಯಾ! ಕಾಲಿಗೆ ಕೊಡು!"
ಎದುರು ಪಾಳಿಯ ಹುಡುಗ ಬಿದ್ದರೆ,
"ನಾಟಕ ಮಾಡತಾನ್ರೀ, ಎಬ್ಬಿಸಬ್ಯಾಡ್ರಿ!"
ಅವನಿಗೆ ಹನ್ನೆರಡಾಗಿರಲಿಕ್ಕಿಲ್ಲ.
ಮೊಳಕಾಲಿನ ರಕ್ತ ನಾಟಕದ್ದಾಗಿರಲಿಲ್ಲ.
ಆಚೆ ಬದಿಯಲ್ಲಿ ಅವನ ತಾಯಿ ಛತ್ರಿ ಮಡಚಿ
ನನ್ನನ್ನೊಮ್ಮೆ ನೋಡಿದಳು.
ನಾನು ತೆಂಗಿನಮರ ನೋಡಿದೆ.

ಆವತ್ತಿನ ರೆಫ್ರಿ ಒಬ್ಬ ಹುಡುಗಿ, ಲಿಝೆಟ್ ಕುಲಾಸೊ.
ಹದಿನೆಂಟು ತುಂಬಿದ್ದರೆ ಹೆಚ್ಚು. ಕೊರಳಲ್ಲಿ ಸೀಟಿ,
ಅಣ್ಣನದಿರಬೇಕು, ಮಂಡಿ ದಾಟಿದ ಚಡ್ಡಿ.
ಸಂಗ್ಯಾನ ಗೋಲಿಗೆ ಇಲ್ಲವೆಂದು ಕೈ ಎತ್ತಿದಳು.
"ಕಣ್ಣಾಗ ಮಣ್ಣು ಬಿದ್ದೈತೇನು?" ಅಂದೆ.
ತಿಳಿಯಲಿಲ್ಲವೇನೋ ಎಂದು ಕೊಂಕಣಿಯಲ್ಲೂ ಅಂದೆ.

ಅಷ್ಟರಲ್ಲಿ ರೈಲು ಬಂತು.
ನಮ್ಮ ಬೆಲ್ಟಿನಿಂದಲೇ ತುಂಬಿದ ಕಲ್ಲಿದ್ದಲು,
ಘಟ್ಟ ಹತ್ತಿ ಹೊಸಪೇಟೆಯ ಕಡೆಗೆ.
ಅದು ದಾಟುವವರೆಗೆ ಸೀಟಿ ಕೇಳುವುದಿಲ್ಲ,
ಹಾಗಾಗಿ ಆಟ ನಿಲ್ಲುತ್ತದೆ, ಅಲ್ಲಿಯ ರೂಢಿ ಅದು.
ಎರಡೂ ಪಾಳಿಯ ಮಕ್ಕಳು ಒಟ್ಟಿಗೆ ನಿಂತು
ಡಬ್ಬಿ ಎಣಿಸುತ್ತಿದ್ದರು. ಐವತ್ತೇಳೋ ಐವತ್ತೆಂಟೋ ಎಂದು
ಆಮೇಲೆ ಜಗಳವೂ ಆಯಿತು.

ಅವಳು ನೇರ ನನ್ನ ಕಡೆ ನಡೆದುಬಂದಳು.
ಹೊರಗೆ ಹಾಕುತ್ತಾಳೆ ಅಂದುಕೊಂಡು ಎದೆ ಸೆಟೆಸಿದೆ.
ಚಾಚಿದ ಕೈಯಲ್ಲಿ ಹಳದಿ ಬಾವುಟ.
"ಅಂಕಲ್, ಈ ಬದಿಯ ಲೈನ್‌ಮನ್‌ಗೆ ಜ್ವರ.
ನೀವು ಆಟ ಬಿಡದೆ ನೋಡ್ತೀರಿ. ಹಿಡೀತೀರಾ?"
ಮಾತಿನಲ್ಲಿ ಕೊಂಕು ಹುಡುಕಿದೆ. ಬೆವರಿತ್ತು,
ಗಲ್ಲದ ಮೇಲೊಂದು ಮೊಡವೆ ಇತ್ತು. ಕೊಂಕು ಸಿಗಲಿಲ್ಲ.

ಕೋಚ್ ಕಾಯತಾನ್ ಸರ್ ಓಡಿಬಂದು
ಆಫ್‌ಸೈಡ್ ಅಂದರೇನೆಂದು ಎರಡು ಮಾತಲ್ಲಿ ಹೇಳಿದರು.
ಎರಡು ವರ್ಷ ಅದಕ್ಕಾಗಿಯೇ ಜಗಳಾಡಿದವನು
ಆವತ್ತು ಮೊದಲ ಸಲ ಅದನ್ನು ತಿಳಿದುಕೊಂಡೆ.

ಚಪ್ಪಲಿ ಕಳೆದಿಟ್ಟು ಓಡಿದೆ.
ಗೆರೆ ಅಷ್ಟು ಉದ್ದವೆಂದು ಗೊತ್ತಿರಲಿಲ್ಲ.
ಬಾವುಟ ಹಿಡಿದವನು ಒದರುವಂತಿಲ್ಲ.
ಬಾಯಿ ಮುಚ್ಚಿದ ಮೇಲೆ ಕಿವಿ ತೆರೆಯಿತು:
ಕೆಂಪು ಮಣ್ಣಿನ ಮೇಲೆ ಚೆಂಡು ಉರುಳುವ ಸಪ್ಪಳ,
ಕೆಡವಿದವನೇ ಬಿದ್ದವನನ್ನು ಕೇಳುವುದು, "ಲಾಗ್ಲೆಂ?"
ಮತ್ತೆ ನನ್ನ ಬೆನ್ನ ಹಿಂದೆ, ಯಾರದೋ ಅಪ್ಪ,
ನನ್ನದೇ ದನಿಯಲ್ಲಿ, "ಏಯ್ ಕುರುಡಾ!"

ಇನ್ನು ಮೂರೇ ನಿಮಿಷ. ಒಂದಕ್ಕೊಂದು.
ನಡುವಿನಿಂದ ಉದ್ದನೆಯ ಪಾಸು. ಸಂಗ್ಯಾ ಹಾರಿದ.
ಕೊನೆಯ ಹುಡುಗನಿಗಿಂತ ಮುಂದಿದ್ದ.
ಒಂದು ಹೆಜ್ಜೆಯೂ ಅಲ್ಲ. ಬೂಟಿನ ಮೂತಿಯಷ್ಟು.
ಎರಡು ವರ್ಷ ಬರಲೆಂದು ದೊಡ್ಡ ಅಳತೆಯದು ಕೊಂಡು
ತುದಿಗೆ ಅರಳೆ ತುರುಕಿಕೊಟ್ಟವನು ನಾನೇ.
ಯಾರಿಗೂ ಕಾಣುವಂಥದ್ದಲ್ಲ,
ಅದರ ನೇರಕ್ಕೆ ನಿಂತವನಿಗೆ ಬಿಟ್ಟು.

ಕೈ ಮೇಲೇರಿತು.
ನಾನು ಎತ್ತಿದೆ ಅನ್ನಲಿಕ್ಕೆ ಇನ್ನೂ ಧೈರ್ಯವಿಲ್ಲ.
ಚೆಂಡು ಬಲೆಯಲ್ಲಿತ್ತು. ಅವನು ಕುಣಿಯುತ್ತ ತಿರುಗಿದ.
ಬಾವುಟ ಕಂಡಿತು.
ಆಮೇಲೆ ಅದನ್ನು ಹಿಡಿದವನು.

ಆಟ ಮುಗಿದ ಮೇಲೆ ಛತ್ರಿಯವಳ ಹತ್ತಿರ ಹೋದೆ.
ಹೇಳಬೇಕೆಂದಿದ್ದ ಮಾತು ಬರಲಿಲ್ಲ.
"ಮೊಳಕಾಲು?" ಅಂದೆ.
"ಹೂಂ," ಅಂದಳು.
ಲಿಝೆಟ್ ಬಾವುಟ ಸುತ್ತಿ ಚೀಲಕ್ಕಿಟ್ಟುಕೊಂಡಳು,
ಏನೂ ಆಗಿಲ್ಲವೆಂಬಂತೆ.

ಸ್ಕೂಟರಿನ ಹಿಂದೆ ಸಂಗ್ಯಾ ಮಾತಿಲ್ಲ.
ವಿಮಾನ ನಿಲ್ದಾಣದ ಗೋಡೆ ಮುಗಿಯಿತು,
ಚಿಕಳ್ಯಾದ ಇಳಿಜಾರು ಮುಗಿಯಿತು,
ಕಬ್ಬಿನಹಾಲಿಗೆ ನಿಲ್ಲಿಸಲೇ ಅಂದೆ. ಬೇಡವೆಂದ.
ಮನೆಯ ಓಣಿಗೆ ತಿರುಗುವಾಗ ಬೆನ್ನಿಗೆ ಹಣೆ ಒತ್ತಿ,
"ಬೂಟು ದೊಡ್ಡದಾಗ್ತೈತಿ ಅಂತ
ಅಂಗಡ್ಯಾಗ ಹೇಳಿದ್ನಿಲ್ಲೋ ಯಪ್ಪಾ."

ಹೇಳಿದ್ದ.
ಆಗ ನಾನು ಒದರುತ್ತಿದ್ದೆ, ಅಂಗಡಿಯವನ ಜೊತೆ, ರೇಟಿಗೆ.